ವಿಷ ಮಾಹಿತಿ ಕೇಂದ್ರ: ದೂರವಾಣಿ ಮತ್ತು ದಫ್ತರ

ವಿಷ ಮಾಹಿತಿ ಕೇಂದ್ರಕ್ಕೆ ಬೇಕಾದ ಸರಂಜಾಮು ಹೆಚ್ಚಿನದೇನಲ್ಲ. ಹಗಲು ರಾತ್ರಿ ಎತ್ತುವವರಿರುವ ಒಂದು ದೂರವಾಣಿ. ಅದರ ಮುಂದೆ ವಿಷಶಾಸ್ತ್ರದಲ್ಲಿ ತರಬೇತಾದ ವೈದ್ಯ, ಫಾರ್ಮಸಿಸ್ಟ್ ಅಥವಾ ನರ್ಸ್. ಮನೆ, ಹೊಲ, ಕಾರ್ಖಾನೆ, ಔಷಧಿ ಅಂಗಡಿಗಳಲ್ಲಿ ಸಿಗುವ ಸಾವಿರಾರು ಪದಾರ್ಥಗಳಲ್ಲಿ ಯಾವುದರಲ್ಲಿ ಏನಿದೆ ಎಂಬ ಮಾಹಿತಿ. ಬಂದ ಕರೆಯನ್ನೆಲ್ಲ ಒಂದೇ ನಮೂನೆಯಲ್ಲಿ ಬರೆದಿಡುವ ದಫ್ತರ. ಕೇಂದ್ರಕ್ಕೆ ತನ್ನದೇ ಹಾಸಿಗೆಗಳು ಇರಲೇಬೇಕೆಂದಿಲ್ಲ. ಕೆಲವು ಕಡೆ ಪ್ರಯೋಗಾಲಯವೂ ಚಿಕಿತ್ಸಾ ಘಟಕವೂ ಜೊತೆಗಿರುತ್ತವೆ, ಬಹಳ ಕಡೆ ಇರುವುದಿಲ್ಲ. ದೂರವಾಣಿ ನೆರವಾಗುವುದು ಒಬ್ಬ ರೋಗಿಗೆ. ದಫ್ತರ ನೆರವಾಗುವುದು ಇನ್ನೂ ವಿಷ ಸೋಕದ ಸಾವಿರಾರು ಜನರಿಗೆ. ಸಾರ್ವಜನಿಕ ಆರೋಗ್ಯದ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ಕೆಲಸ; ಭಾರತದಲ್ಲಿ ಕಡೆಗಣಿಸಲ್ಪಟ್ಟಿರುವುದೂ ಅದೇ.

ಮೊದಲು ದೂರವಾಣಿಯ ಕೆಲಸ. ಎರಡು ವರ್ಷದ ಮಗು ಬೀರುವಿನೊಳಗಿದ್ದ ಬಿಳಿ ಗುಳಿಗೆಯೊಂದನ್ನು ನುಂಗಿದೆ ಎಂದು ತಾಯಿ ಕರೆ ಮಾಡುತ್ತಾಳೆ ಎನ್ನೋಣ. ಕೇಂದ್ರ ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ: ಮಗುವಿನ ವಯಸ್ಸು, ತೂಕ, ತಿಂದದ್ದು ಏನು, ಎಷ್ಟು, ಎಷ್ಟು ಹೊತ್ತಾಯಿತು, ಈಗ ಮಗು ಹೇಗಿದೆ, ಇಲ್ಲಿಯವರೆಗೆ ಏನು ಮಾಡಿದಿರಿ. ಗುಳಿಗೆ ಕರ್ಪೂರದ್ದೋ ನ್ಯಾಫ್ತಲೀನಿನದೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕರ್ಪೂರವಾದರೆ ಅಪಾಯ ಬೆನ್ನಿಗೇ ಬರುತ್ತದೆ. ಗಂಟೆ ತುಂಬುವುದರೊಳಗೆ ಮಗುವಿಗೆ ಫಿಟ್ಸ್ ಬರಬಹುದು. ನ್ಯಾಫ್ತಲೀನಿನ ನುಸಿಗುಳಿಗೆಯಾದರೆ ಮಗು ಆ ದಿನವೆಲ್ಲ ಆಡಿಕೊಂಡೇ ಇರಬಹುದು. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಬಂದಿದ್ದರೆ ಎರಡು ಮೂರು ದಿನದ ಮೇಲೆ ಕೆಂಪು ರಕ್ತಕಣಗಳು ಒಡೆದು ಮೂತ್ರದ ಬಣ್ಣ ಕಪ್ಪಿಗೆ ತಿರುಗುತ್ತದೆ. ತಾಯಿಗೆ ಯಾವುದೆಂದು ಗೊತ್ತಿಲ್ಲದಿದ್ದರೆ ಬೀರುವಿನಲ್ಲಿ ಉಳಿದ ಅಂಥದೇ ಇನ್ನೊಂದು ಗುಳಿಗೆಯನ್ನು ಲೋಟದ ನೀರಿಗೆ ಹಾಕಿ ನೋಡಲು ಹೇಳಬಹುದು. ಕರ್ಪೂರ ತೇಲುತ್ತದೆ, ನ್ಯಾಫ್ತಲೀನ್ ಮುಳುಗುತ್ತದೆ. ದೊಡ್ಡ ಯಂತ್ರವಿಲ್ಲದೆ, ನೂರಾರು ಮೈಲಿ ದೂರದಿಂದ, ಅರ್ಧ ನಿಮಿಷದಲ್ಲಿ ಸಿಗುವ ಉತ್ತರವಿದು.

ಎಷ್ಟೋ ಕರೆಗಳಿಗೆ ಕೇಂದ್ರ ಕೊಡುವ ಸಲಹೆ ‘ಏನೂ ಮಾಡಬೇಡಿ’ ಎಂಬುದೇ. ವಿಷ ಹೊಟ್ಟೆಗೆ ಹೋಯಿತೆಂದರೆ ವಾಂತಿ ಮಾಡಿಸಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಉಪ್ಪುನೀರು, ಸೋಪಿನ ನೀರು, ಹುಣಸೆಹಣ್ಣಿನ ನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಇನ್ನೂ ನಡೆದೇ ಇದೆ. ಮಗು ಸೀಮೆಎಣ್ಣೆ ಕುಡಿದಾಗ ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಇಳಿದದ್ದೇ ಹೆಚ್ಚು ಕೇಡು ಮಾಡುತ್ತದೆ. ವಾಂತಿ ಮಾಡಿಸಿದರೆ ಅದು ಎರಡನೆಯ ಸಲ ಶ್ವಾಸನಾಳದ ಬಾಯಿಗೆ ಬಂದಂತಾಗುತ್ತದೆ. ಆಸಿಡ್ ಕುಡಿದವರಿಗೆ ವಾಂತಿಯಾದರೆ ಅನ್ನನಾಳ ಮತ್ತೊಮ್ಮೆ ಸುಡುತ್ತದೆ. ಉಪ್ಪುನೀರಂತೂ ಸಣ್ಣ ಮಕ್ಕಳ ರಕ್ತದಲ್ಲಿ ಸೋಡಿಯಂ ಏರಿಸಿ ತಾನೇ ವಿಷವಾಗುವುದುಂಟು. ಅಮೆರಿಕದ ಕೇಂದ್ರಗಳಿಗೆ ಬರುವ ವಿಷ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡರಷ್ಟು ಆಸ್ಪತ್ರೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಮುಗಿಯುತ್ತವೆ. ಹೆತ್ತವರ ಗಾಬರಿ, ಓಡಾಟ, ಖರ್ಚು ಉಳಿಯುವುದಲ್ಲದೆ, ತುರ್ತು ಘಟಕದ ಹಾಸಿಗೆ ನಿಜವಾಗಿ ಬೇಕಾದವರಿಗೆ ಸಿಗುತ್ತದೆ.

ಕರೆ ವೈದ್ಯರಿಂದ ಬಂದಾಗ ಮಾತು ಬೇರೆ ಮಟ್ಟದಲ್ಲಿ ನಡೆಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ವೈದ್ಯರ ಮುಂದೆ ರೋಗಿಯನ್ನು ಮಲಗಿಸಿ ‘ಇಲಿ ಪಾಷಾಣ ತಿಂದಿದ್ದಾರೆ’ ಎನ್ನುತ್ತಾರೆ. ಆ ಒಂದು ಹೆಸರಿನಡಿ ಅಂಗಡಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಹಲವು ವಿಷಗಳಿವೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಿಲ್ಲೆಗೆ ವಿಟಮಿನ್ ಕೆ ಮದ್ದು. ಪರಿಣಾಮ ಕಾಣಲು ದಿನಗಳು ಬೇಕು. ಜಿಂಕ್ ಫಾಸ್ಫೈಡಿನ ಕಪ್ಪು ಪುಡಿ ಹೊಟ್ಟೆಯಲ್ಲಿ ಫಾಸ್ಫೀನ್ ಅನಿಲವಾಗಿ ಹೃದಯಕ್ಕೆ ತಗಲುತ್ತದೆ. ಹಳದಿ ರಂಜಕದ ಪೇಸ್ಟ್ ಇವೆಲ್ಲಕ್ಕಿಂತ ಮೋಸದ್ದು: ಮೊದಲ ದಿನದ ವಾಂತಿ ನಿಂತ ಮೇಲೆ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ, ಮನೆಯವರು ಡಿಸ್ಚಾರ್ಜ್ ಕೇಳುತ್ತಾರೆ, ಯಕೃತ್ತು ಕೆಡುವುದು ಆಮೇಲೆ. ಇಂಥ ರೋಗಿಯನ್ನು ಮನೆಗೆ ಕಳಿಸಬೇಡಿ, ಯಕೃತ್ತಿನ ಪರೀಕ್ಷೆ ದಿನವೂ ಮಾಡಿಸಿ, ದೊಡ್ಡ ಆಸ್ಪತ್ರೆಗೆ ಈಗಲೇ ತಿಳಿಸಿಡಿ ಎಂದು ಹೇಳುವವರು ಫೋನಿನ ಆ ತುದಿಯಲ್ಲಿದ್ದರೆ ಒಂದು ಜೀವ ಉಳಿಯಬಹುದು. ಪ್ರತಿ ವೈದ್ಯರೂ ಪ್ರತಿ ವಿಷವನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬಯಸುವುದು ಅನ್ಯಾಯ.

ಕೀಟನಾಶಕದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನವಿರಬೇಕು, ಪ್ರತಿವಿಷದ ವಿವರವೂ ಇರಬೇಕು. ಆದರೆ ಔಷಧಿ ಹೊಡೆಯುವ ದಿನ ಹೊಲಕ್ಕೆ ಹೋಗುವುದು ಪೂರ್ತಿ ಡಬ್ಬಿಯಲ್ಲ. ಬೇಕಾದಷ್ಟನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಬಗ್ಗಿಸಿಕೊಂಡಿರುತ್ತಾರೆ. ಲೇಬಲ್ ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಆಗ ವಿಷದ ಗುರುತು ಹಿಡಿಯಬೇಕಾದದ್ದು ರೋಗಿಯ ಮೈಯಿಂದ: ಸೂಜಿಮೊನೆಯಷ್ಟಾದ ಕಣ್ಣಪಾಪೆ, ಸುರಿಯುವ ಜೊಲ್ಲು, ಬೆವರು, ಎದೆಯಲ್ಲಿ ಗೊರಗೊರ ಸದ್ದು ಇದ್ದರೆ ಆರ್ಗನೊಫಾಸ್ಫೇಟ್ ಗುಂಪಿನ ವಿಷ. ಅದಕ್ಕೆ ಅಟ್ರೋಪಿನ್ ಕೊಡಬೇಕೆಂಬುದು ಎಲ್ಲ ವೈದ್ಯರಿಗೂ ಗೊತ್ತು. ಎಲ್ಲಿಯವರೆಗೆ ಕೊಡಬೇಕು ಎಂಬಲ್ಲಿ ತಪ್ಪುತ್ತದೆ. ಕಣ್ಣಪಾಪೆ ಹಿಗ್ಗಿತೆಂದು ನಿಲ್ಲಿಸಬಾರದು. ಎದೆಯ ಸದ್ದು ಅಡಗುವವರೆಗೆ ಏರಿಸುತ್ತ ಹೋಗಬೇಕು, ಆಮೇಲೂ ಕಾಯಬೇಕು.

ಈ ವ್ಯವಸ್ಥೆ ಹುಟ್ಟಿದ್ದು ಮಕ್ಕಳ ಸಲುವಾಗಿ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಮನೆಗಳಿಗೆ ಹೊಸ ಶುಚಿಕಾರಕಗಳು, ಕೀಟನಾಶಕಗಳು, ಔಷಧಗಳು ಒಂದೇ ಸಮನೆ ಬಂದವು. ಮಕ್ಕಳ ಅಪಘಾತಗಳಲ್ಲಿ ಅರ್ಧದಷ್ಟಕ್ಕೆ ವಿಷವೇ ಕಾರಣವೆಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯ ಸಮೀಕ್ಷೆ 1950ರ ದಶಕದ ಆರಂಭದಲ್ಲಿ ಕಂಡುಕೊಂಡಿತು. ಶಿಕಾಗೋದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಲೂಯಿ ಗ್ಡಾಲ್ಮನ್ ಎಂಬ ಫಾರ್ಮಸಿಸ್ಟ್ ಯಾವ ಪದಾರ್ಥದಲ್ಲಿ ಯಾವ ವಿಷವಿದೆ, ಅದಕ್ಕೆ ಏನು ಮಾಡಬೇಕು ಎಂಬುದನ್ನು ಎಷ್ಟೋ ವರ್ಷಗಳಿಂದ ಕಾರ್ಡುಗಳಲ್ಲಿ ಬರೆದಿಟ್ಟುಕೊಂಡು, ಕೇಳಿದ ವೈದ್ಯರಿಗೆಲ್ಲ ಹೇಳುತ್ತಿದ್ದರು. 1953ರಲ್ಲಿ ಶಿಕಾಗೋ ನಗರದಲ್ಲಿ ಶುರುವಾದ ಮೊದಲ ವಿಷ ನಿಯಂತ್ರಣ ಕೇಂದ್ರಕ್ಕೆ ಈ ಕಾರ್ಡುಗಳ ಅನುಭವವೇ ಆಧಾರವಾಯಿತು. ಮಾದರಿ ಬೇಗ ಹಬ್ಬಿತು, ಅತಿಯಾಗಿಯೂ ಹಬ್ಬಿತು. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಕೇಂದ್ರಗಳ ಸಂಖ್ಯೆ 600 ದಾಟಿತ್ತು. ಅವುಗಳಲ್ಲಿ ಬಹಳಷ್ಟು ತುರ್ತು ಘಟಕದ ಮೂಲೆಯ ಒಂದು ಫೋನು, ಒಂದು ಹಳೆಯ ಪುಸ್ತಕ, ಬಿಡುವಿದ್ದವರು ಹೇಳುವ ಉತ್ತರ, ಇಷ್ಟೇ. ಮುಂದೆ ಇವನ್ನೆಲ್ಲ ಕೂಡಿಸಿ, ತರಬೇತಿ ಪಡೆದ ಸಿಬ್ಬಂದಿಯ ದೊಡ್ಡ ಪ್ರಾದೇಶಿಕ ಕೇಂದ್ರಗಳನ್ನಾಗಿ ಮಾಡಲಾಯಿತು. ಈಗ ಇಡೀ ದೇಶಕ್ಕೆ ಐವತ್ತೈದರ ಆಸುಪಾಸು ಕೇಂದ್ರಗಳಿವೆ. 2002ರಿಂದ ಎಲ್ಲಕ್ಕೂ ಒಂದೇ ದೂರವಾಣಿ ಸಂಖ್ಯೆ. ಬ್ರಿಟನ್ನಿನ ರಾಷ್ಟ್ರೀಯ ಸೇವೆ ಆರಂಭವಾದದ್ದು 1963ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸದಸ್ಯ ರಾಷ್ಟ್ರಗಳ ಪೈಕಿ ಅರ್ಧಕ್ಕಿಂತ ಕಡಿಮೆ ದೇಶಗಳಲ್ಲಿ ಮಾತ್ರ ಇಂಥ ಕೇಂದ್ರಗಳಿವೆ.

ಕೇಂದ್ರಗಳು ಕರೆಗಳನ್ನು ಬರೆದಿಡತೊಡಗಿದ್ದು ಮೊದಮೊದಲು ತಮ್ಮ ಅನುಕೂಲಕ್ಕೆ. ಬರೆದದ್ದನ್ನು ಒಟ್ಟುಗೂಡಿಸಿದಾಗ ಬೇರೆಯದೇ ಚಿತ್ರ ಕಂಡಿತು. ಮಕ್ಕಳು ಮತ್ತೆ ಮತ್ತೆ ನುಂಗುತ್ತಿದ್ದದ್ದು ಮಕ್ಕಳಿಗೆಂದೇ ಸಿಹಿ ಹಚ್ಚಿ ಮಾಡಿದ ಆಸ್ಪಿರಿನ್ ಮಾತ್ರೆಗಳನ್ನು. ತಾಯಂದಿರು ಜಾಗ್ರತೆಯಾಗಿರಬೇಕೆಂದು ಉಪದೇಶ ಮಾಡಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಅದರ ಬದಲು 1970ರಲ್ಲಿ ಅಮೆರಿಕದಲ್ಲಿ, ಅಪಾಯಕಾರಿ ಪದಾರ್ಥಗಳನ್ನು ಮಕ್ಕಳ ಕೈಯಲ್ಲಿ ತೆರೆಯಲಾಗದ ಮುಚ್ಚಳದ ಬಾಟಲಿಯಲ್ಲೇ ಮಾರಬೇಕೆಂಬ ಕಾಯ್ದೆ ಬಂತು. ಒತ್ತಿ ತಿರುಗಿಸಬೇಕಾದ ಮುಚ್ಚಳ ಬಂದ ಮೇಲೆ ಆಸ್ಪಿರಿನ್‌ನಿಂದ ಸಾಯುವ ಮಕ್ಕಳ ಸಂಖ್ಯೆ ಕುಸಿಯಿತು. ನಮ್ಮ ಔಷಧಿ ಅಂಗಡಿಗಳ ಸಿರಪ್ ಬಾಟಲಿಗಳಲ್ಲಿ ಬಹುಪಾಲಿಗೆ ಇಂದಿಗೂ ಇರುವುದು ಮೂರು ವರ್ಷದ ಮಗು ತಿರುಗಿಸಬಲ್ಲ ಮಾಮೂಲಿ ಮುಚ್ಚಳ.

ನಮಗೆ ಇನ್ನೂ ಹತ್ತಿರದ ಪಾಠ ಶ್ರೀಲಂಕಾದ್ದು. ಕೊಲಂಬೊದ ದೊಡ್ಡಾಸ್ಪತ್ರೆಯಲ್ಲಿ 1988ರಲ್ಲಿ ಪ್ರೊ. ರವೀಂದ್ರ ಫರ್ನಾಂಡೊ ಅವರ ನೇತೃತ್ವದಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಶುರುವಾಯಿತು. ಆ ಕಾಲಕ್ಕೆ ಆ ದ್ವೀಪದ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಅದರಲ್ಲಿ ದೊಡ್ಡ ಪಾಲು ಕೀಟನಾಶಕದ್ದು. ಆಸ್ಪತ್ರೆಗಳ ದಾಖಲೆಗಳು ಒಂದು ವಿಷಯವನ್ನು ಸ್ಪಷ್ಟಪಡಿಸಿದವು. ವಿಷ ತೆಗೆದುಕೊಂಡವರಲ್ಲಿ ಬಹಳ ಮಂದಿ ಮುಂಚಿತವಾಗಿ ಯೋಚಿಸಿದವರಲ್ಲ. ಒಂದು ಗಳಿಗೆಯ ಸಿಟ್ಟಿನಲ್ಲೋ ದುಃಖದಲ್ಲೋ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡವರು. ಅವರ ಅಳಿವು ಉಳಿವು ನಿರ್ಧಾರವಾಗುತ್ತಿದ್ದದ್ದು ಸಾಯಬೇಕೆಂಬ ಬಯಕೆಯ ತೀವ್ರತೆಯಿಂದಲ್ಲ, ಮನೆಯಲ್ಲಿದ್ದ ಡಬ್ಬಿ ಯಾವುದು ಎಂಬುದರಿಂದ. 1984ರಲ್ಲಿ ಪ್ಯಾರಾಥಿಯಾನ್ ನಿಷೇಧವಾಯಿತು. 1995ರಲ್ಲಿ ಮೊನೊಕ್ರೊಟೊಫಾಸ್ ಮತ್ತು ಮೆಥಮಿಡೊಫಾಸ್ ಮಾರುಕಟ್ಟೆಯಿಂದ ಹೊರಬಿದ್ದವು. ರೈತರು ಎಂಡೋಸಲ್ಫಾನ್ ಕಡೆ ತಿರುಗಿದರು; ಆಸ್ಪತ್ರೆಗಳಲ್ಲಿ ಬಿಡದೆ ಫಿಟ್ಸ್ ಬರುವ ರೋಗಿಗಳು ಹೆಚ್ಚಾದರು. ದಾಖಲೆ ಇದ್ದುದರಿಂದ ಇದು ಬೇಗ ಕಣ್ಣಿಗೆ ಬಿತ್ತು, 1998ರಲ್ಲಿ ಅದಕ್ಕೂ ನಿಷೇಧ ಬಂತು. 2008ರಿಂದ 2011ರ ನಡುವೆ ಪ್ಯಾರಾಕ್ವಾಟ್, ಡೈಮೆಥೊಯೇಟ್, ಫೆಂಥಿಯಾನ್‌ಗಳ ಸರದಿ. 1995ಕ್ಕೂ 2015ಕ್ಕೂ ನಡುವೆ ಶ್ರೀಲಂಕಾದ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಈ ನಿಷೇಧಗಳಿಂದ ಉಳಿದ ಜೀವಗಳು ಸುಮಾರು 93,000 ಎಂಬುದು ಸಂಶೋಧಕರ ಅಂದಾಜು. ಬೆಳೆಯ ಇಳುವರಿ ಇದರಿಂದ ಕುಸಿದದ್ದು ಕಂಡುಬರಲಿಲ್ಲ. ಯಾವ ಆಸ್ಪತ್ರೆಯೂ, ಎಷ್ಟೇ ವೆಂಟಿಲೇಟರ್ ಇದ್ದರೂ, ಇಷ್ಟು ಜನರನ್ನು ಉಳಿಸಲಾರದು.

ಶ್ರೀಲಂಕಾ 1995ರಲ್ಲಿ ಕೈಬಿಟ್ಟ ಮೊನೊಕ್ರೊಟೊಫಾಸ್ ಭಾರತದಲ್ಲಿ ಮುಂದೆಯೂ ಸಲೀಸಾಗಿ ಸಿಗುತ್ತಿತ್ತು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ 23 ಮಕ್ಕಳು ಸತ್ತದ್ದು ಇದರಿಂದ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದವರಲ್ಲಿ 17 ಮಂದಿ ಸತ್ತು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅಲ್ಲಿಯೂ ಬೆರೆತಿದ್ದದ್ದು ಅದೇ. ಒಂದು ಗುಡಿಯ ಮುಂದೆ ಕೆಲವೇ ಗಂಟೆಗಳಲ್ಲಿ ನೂರು ಜನ ಕುಸಿದಾಗ ಮೂರು ಪ್ರಶ್ನೆಗಳಿಗೆ ತಕ್ಷಣ ಉತ್ತರ ಬೇಕು: ವಿಷ ಯಾವುದು, ಅದಕ್ಕೆ ಮದ್ದು ಏನು, ಆ ಮದ್ದು ಎಲ್ಲೆಲ್ಲಿ ಎಷ್ಟೆಷ್ಟಿದೆ. ಮೊದಲ ಎರಡನ್ನು ಅನುಭವಿ ವೈದ್ಯರು ಲಕ್ಷಣ ನೋಡಿ ಹೇಳಬಲ್ಲರು. ಮೂರನೆಯದು ಯಾರೋ ಮೊದಲೇ ಬರೆದಿಟ್ಟಿದ್ದರೆ ಮಾತ್ರ ಗೊತ್ತಾಗುವಂಥದು. ಅಟ್ರೋಪಿನ್ ಅಗ್ಗದ ಔಷಧ. ಆದರೆ ಒಬ್ಬ ಗಂಭೀರ ರೋಗಿಗೇ ನೂರಾರು ಆಂಪ್ಯೂಲ್ ಹಿಡಿಯಬಹುದು. ಪ್ರತಿವಿಷಗಳ ದಾಸ್ತಾನಿನ ನಕ್ಷೆ ಇಟ್ಟುಕೊಳ್ಳುವುದು ವಿಷ ಕೇಂದ್ರದ ಕರ್ತವ್ಯಗಳಲ್ಲಿ ಒಂದು.

ಕಳ್ಳಬಟ್ಟಿ ದುರಂತಗಳಲ್ಲಿ ಕೇಂದ್ರದ ಅಗತ್ಯ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಕುಡಿದ ಕೂಡಲೇ ಅನಾಹುತ ಮಾಡುವುದಿಲ್ಲ. ಯಕೃತ್ತು ಅದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ಕಣ್ಣು ಮಂಜಾಗುವುದು, ಉಸಿರು ಕಟ್ಟುವುದು ಆಮೇಲೆ. ಆಸ್ಪತ್ರೆಗೆ ಮೊದಲ ನಾಲ್ಕು ಮಂದಿ ಬಂದಾಗ ಅದೇ ಅಂಗಡಿಯಲ್ಲಿ ಕುಡಿದ ನಲವತ್ತು ಮಂದಿ ತಮಗೇನೂ ಆಗಿಲ್ಲವೆಂದುಕೊಂಡು ಮನೆಯಲ್ಲಿರುತ್ತಾರೆ. ಅವರನ್ನು ಕೇರಿ ಕೇರಿ ಹುಡುಕಿ ಕರೆತಂದರೆ ಕಣ್ಣೂ ಜೀವವೂ ಉಳಿಯುತ್ತವೆ. ಬೇರೆ ಬೇರೆ ಆಸ್ಪತ್ರೆಗಳಿಗೆ ಒಬ್ಬೊಬ್ಬರಾಗಿ ಬಂದವರ ಸುದ್ದಿ ಒಂದೇ ಮೇಜಿಗೆ ತಲುಪಿದರೆ ತಾನೆ ಈ ಹುಡುಕಾಟ ಬೇಗ ಶುರುವಾಗುವುದು?

ಔಷಧವೇ ವಿಷವಾದಾಗಲೂ ಹೀಗೆಯೇ. ಕೆಮ್ಮಿನ ಸಿರಪ್ಪಿಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ದ್ರಾವಕ ಸೇರಿ ಮಕ್ಕಳ ಮೂತ್ರಪಿಂಡ ನಿಂತುಹೋಗುವ ದುರಂತ 1937ರಲ್ಲಿ ಅಮೆರಿಕದಲ್ಲಿ ಕಂಡ ಇಂಥದೇ ಘಟನೆಯ ಪುನರಾವರ್ತನೆ. ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 1986ರಲ್ಲಿ ಗ್ಲಿಸರಿನ್‌ಗೆ ಇದು ಬೆರೆತು 14 ರೋಗಿಗಳು ಸತ್ತರು. 2022ರಲ್ಲಿ ಗ್ಯಾಂಬಿಯಾದಲ್ಲಿ ಮಕ್ಕಳು ಸಾಲಾಗಿ ಸತ್ತರು. ವಿಶ್ವ ಆರೋಗ್ಯ ಸಂಸ್ಥೆ ಅದರ ಸಂಬಂಧ ಎಚ್ಚರಿಕೆ ನೀಡಿದ ಸಿರಪ್‌ಗಳು ಭಾರತದಲ್ಲಿ ತಯಾರಾದವು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಅದೇ ಕತೆ. ಪ್ರತಿ ಸಲವೂ ಮೊದಲ ಕೆಲವು ಮಕ್ಕಳಿಗೆ ಜ್ವರದ ಕಾಯಿಲೆ ಇರಬಹುದು, ಸೋಂಕಿರಬಹುದು ಎಂದುಕೊಂಡೇ ದಿನ ಕಳೆಯುತ್ತದೆ. ಒಂದು ಊರಿನಲ್ಲಿ ಒಂದು ಮಗು, ಇನ್ನೊಂದು ಊರಿನಲ್ಲಿ ಇನ್ನೊಂದು. ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಇಲ್ಲದಿದ್ದರೆ ಇಪ್ಪತ್ತನೆಯ ಮಗುವಿನವರೆಗೂ ಬಾಟಲಿಯ ಮೇಲೆ ಅನುಮಾನ ಬರುವುದಿಲ್ಲ.

ಭಾರತದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 1995ರ ಫೆಬ್ರವರಿಯಲ್ಲಿ ದೆಹಲಿಯ ಏಮ್ಸ್‌ನ ಔಷಧಶಾಸ್ತ್ರ ವಿಭಾಗದಲ್ಲಿ ಆರಂಭವಾಯಿತು. ಭೋಪಾಲ್ ಅನಿಲ ದುರಂತ ನಡೆದು ಹತ್ತು ವರ್ಷ ಕಳೆದಿತ್ತು. 1984ರ ಡಿಸೆಂಬರ್ 2ರ ಆ ರಾತ್ರಿ ಹಮೀದಿಯಾ ಆಸ್ಪತ್ರೆಗೆ ಜನ ಸಾವಿರಗಟ್ಟಲೆ ಬಂದು ಬಿದ್ದಾಗ, ಸೋರಿದ್ದು ಯಾವ ಅನಿಲ, ಅದಕ್ಕೆ ಏನು ಕೊಡಬೇಕು ಎಂದು ವೈದ್ಯರಿಗೆ ಖಚಿತವಾಗಿ ಹೇಳುವವರು ಯಾರೂ ಇರಲಿಲ್ಲ. ದೆಹಲಿಯ ಕೇಂದ್ರ ದಿನದ ಇಪ್ಪತ್ತನಾಲ್ಕು ಗಂಟೆಯೂ ಕೆಲಸ ಮಾಡುತ್ತದೆ, ವೈದ್ಯರಿಗೂ ಜನಸಾಮಾನ್ಯರಿಗೂ ಉತ್ತರ ಕೊಡುತ್ತದೆ. ಕೊಚ್ಚಿಯ ಅಮೃತಾ ಆಸ್ಪತ್ರೆ, ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಂಥ ಕೆಲವು ಕಡೆ ಸ್ಥಳೀಯ ಪ್ರಯತ್ನಗಳು ನಡೆದಿವೆ. ನೂರನಲವತ್ತು ಕೋಟಿ ಜನರ ದೇಶಕ್ಕೆ ಇಷ್ಟು ಯಾವ ಮೂಲೆಗೂ ಸಾಲದು. ಭಾಷೆಯ ಅಡ್ಡಿಯೂ ಇದೆ: ಹಿರೇಕೆರೂರಿನ ಅಜ್ಜಿಯೊಬ್ಬರು ಮೊಮ್ಮಗು ಗುಲಗಂಜಿ ಅಗಿದಿದೆ ಎಂದು ದೆಹಲಿಗೆ ಫೋನು ಮಾಡಿ ಯಾವ ಭಾಷೆಯಲ್ಲಿ ಹೇಳಬೇಕು?

ದಫ್ತರ ಏಕಿಲ್ಲ ಎಂಬುದಕ್ಕೆ ಕಾರಣ ಹುಡುಕಿದರೆ ಪೊಲೀಸ್ ಠಾಣೆಗೆ ಹೋಗಿ ನಿಲ್ಲುತ್ತದೆ. ವಿಷದ ಪ್ರಕರಣ ಬಂದ ಕೂಡಲೇ ಆಸ್ಪತ್ರೆಯಲ್ಲಿ ಅದು ಕಾನೂನು ಸಂಬಂಧಿ ವೈದ್ಯಕೀಯ ಪ್ರಕರಣ, ಅಂದರೆ ಎಂಎಲ್‌ಸಿ ಆಗುತ್ತದೆ. ಠಾಣೆಗೆ ಸುದ್ದಿ, ಹೇಳಿಕೆ, ಸತ್ತರೆ ಪಂಚನಾಮೆ, ಮರಣೋತ್ತರ ಪರೀಕ್ಷೆ, ಒಳಾಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ವರದಿ ತಡವಾಗಿ ಬಂದು ಕೇಸಿನ ಕಡತ ಸೇರುತ್ತದೆ. ಚಿಕಿತ್ಸೆ ಕೊಟ್ಟ ವೈದ್ಯರಿಗೇ ಅದು ತಲುಪುವುದು ಅಪರೂಪ, ಆರೋಗ್ಯ ಇಲಾಖೆಯ ಅಂಕಿಅಂಶಕ್ಕಂತೂ ಸೇರುವುದಿಲ್ಲ. ಅಪರಾಧ ನಡೆದಿದೆಯೇ ಎಂಬ ಪ್ರಶ್ನೆಗೆ ಇಲ್ಲಿ ವ್ಯವಸ್ಥೆ ಇದೆ. ಇದು ನಾಳೆ ಇನ್ನೊಬ್ಬರಿಗೆ ಆಗದಂತೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಇಲ್ಲ. ಕೇಸಿನ ಹೆದರಿಕೆಯಿಂದ ಮನೆಯವರು ವಿಷದ ಹೆಸರನ್ನೇ ಮುಚ್ಚಿಡುವುದೂ ಉಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷೆಗೆ ಗುರಿಮಾಡಬಾರದು ಎನ್ನುತ್ತದೆ. ಕಾನೂನು ಬದಲಾದರೂ ಹೆದರಿಕೆ ಹೋಗಿಲ್ಲ. ವಿಷ ಕೇಂದ್ರಕ್ಕೆ ಮಾಡಿದ ಕರೆ ಚಿಕಿತ್ಸೆಗೆ ಮಾತ್ರ, ಮೊಕದ್ದಮೆಗಲ್ಲ ಎಂಬ ಭರವಸೆ ಇದ್ದ ಕಡೆ ಜನ ನಿಜ ಹೇಳುತ್ತಾರೆ.

ಲೆಕ್ಕ ಇಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಆರಂಭ ಆಗಿದೆ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಇದು. ಯಾವ ತಾಲ್ಲೂಕಿನಲ್ಲಿ ಯಾವ ತಿಂಗಳು ಎಷ್ಟು ಕಡಿತ ಎಂದು ಗೊತ್ತಾದರೆ ಪ್ರತಿವಿಷವನ್ನು ಅಲ್ಲಿಗೆ ಮೊದಲೇ ಕಳಿಸಬಹುದು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕಕ್ಕೆ ಮಾತ್ರ. ಮಲೆನಾಡು, ಕೊಡಗಿನ ತೋಟಗಳಲ್ಲಿ ಕಚ್ಚುವ ಉಬ್ಬುಮೂಗಿನ ಮಂಡಲಕ್ಕೆ ಅದು ನಾಟುವುದಿಲ್ಲ. ಆ ಹಾವಿನ ಕಡಿತ ಎಷ್ಟಿದೆ ಎಂಬ ಗಟ್ಟಿ ಲೆಕ್ಕ ಇದ್ದರೆ ಅದಕ್ಕೆ ಬೇರೆ ಪ್ರತಿವಿಷ ಬೇಕೆಂದು ವಾದಿಸಲು ಬಲ ಬರುತ್ತದೆ. ಹಾವಿಗೆ ಸಿಕ್ಕ ಈ ಮರ್ಯಾದೆ ಕೀಟನಾಶಕಕ್ಕೂ ಇಲಿ ಪಾಷಾಣಕ್ಕೂ ಸಿಗಬೇಕಾಗಿದೆ.

ರಾಜ್ಯಕ್ಕೆ ಸ್ವಂತ ಕೇಂದ್ರ ದೊಡ್ಡ ಖರ್ಚಿನ ಬಾಬತ್ತಲ್ಲ. 2008ರಿಂದ 108 ಆಂಬುಲೆನ್ಸ್ ಓಡುತ್ತಿದೆ. 104 ಆರೋಗ್ಯ ಸಹಾಯವಾಣಿ ಹುಬ್ಬಳ್ಳಿಯಿಂದ ಕನ್ನಡದಲ್ಲೇ ಉತ್ತರ ಕೊಟ್ಟ ಅನುಭವ ಇದೆ. ಇಂಥ ಸಹಾಯವಾಣಿಗೆ ಪಾಳಿಗೊಬ್ಬರಂತೆ ವಿಷಶಾಸ್ತ್ರ ಬಲ್ಲವರನ್ನು ಸೇರಿಸಿ, ಬೆನ್ನಿಗೆ ಒಂದು ವೈದ್ಯಕೀಯ ಕಾಲೇಜಿನ ತಜ್ಞರನ್ನೂ ಪ್ರಯೋಗಾಲಯವನ್ನೂ ನಿಲ್ಲಿಸಿದರೆ ದೂರವಾಣಿಯ ಅರ್ಧ ಸಿದ್ಧವಾಗುತ್ತದೆ. ಉಳಿದರ್ಧಕ್ಕೆ ಬೇಕಾದದ್ದು ಸರ್ಕಾರದ ಒಂದು ಆದೇಶ: ವಿಷದ ಪ್ರತಿ ಪ್ರಕರಣವನ್ನೂ, ರೋಗಿಯ ಹೆಸರಿಲ್ಲದೆ, ಪದಾರ್ಥದ ಹೆಸರಿನೊಂದಿಗೆ ಕೇಂದ್ರಕ್ಕೆ ತಿಳಿಸಬೇಕು, ಕೇಂದ್ರದ ವರ್ಷದ ವರದಿ ಕೃಷಿ ಇಲಾಖೆಯ ಮೇಜಿಗೂ ಔಷಧ ನಿಯಂತ್ರಕರ ಮೇಜಿಗೂ ಹೋಗಬೇಕು. ಆ ಆದೇಶ ಬರುವವರೆಗೆ ಸದ್ಯಕ್ಕಿರುವುದು ದೆಹಲಿಯ ಕೇಂದ್ರದ 1800 116 117. ಶುಲ್ಕವಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ. ಪ್ರತಿ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲಿಟಿಯ ಗೋಡೆಯ ಮೇಲೂ, ಮಕ್ಕಳಿರುವ ಪ್ರತಿ ಮನೆಯ ಫೋನಿನಲ್ಲೂ ಈ ಸಂಖ್ಯೆ ಇರಲಿ.